ಗವಿಯ ದಾರಿ

ಫಾರ್ಮ್ ಕ್ವಾರ್ಟರ್ಸ್, ಸಲಾಲಾ
26 ಸೆಪ್ಟೆಂಬರ್ 2003

ಪ್ರೀತಿಯ ಸಚ್ಚಿ,

ಇಲ್ಲಿಯ ಮಳೆಗಾಲ ಮುಗಿಯಿತು. ಜೂನ್‌ನಿಂದ ಗುಡ್ಡವನ್ನು ಹೊದ್ದುಕೊಂಡು ಕೂತಿದ್ದ ಮಂಜು ಕಳೆದ ವಾರ ಎದ್ದುಹೋಯಿತು. ಮಸ್ಕತ್ತಿನ ಹತ್ತಿರ ರುಸೈಲ್‌ನ ಕಾರ್ಖಾನೆ ಧೂಳಿನಲ್ಲಿ ಕೂತವನಿಗೆ ಹೇಳಿದರೆ ನಂಬುವುದಿಲ್ಲ, ಇದೇ ಓಮಾನಿನಲ್ಲಿ ನನ್ನ ಕಿಟಕಿಯಾಚೆ ಮೊಣಕಾಲೆತ್ತರ ಹುಲ್ಲು ನಿಂತಿದೆ.

ಕಾಗದ ಯಾಕೆ, ಫೋನ್ ಮಾಡು ಅಂತೀಯ. ಫೋನ್ ಇರುವುದು ಮ್ಯಾನೇಜರ್ ರೊನಾಲ್ಡ್ ಅವರ ಮೇಜಿನ ಮೇಲೆ. ನಾನು "ಆರಾಮ ಅದೀಯಿಲ್ಲೋ" ಅನ್ನುವಷ್ಟರಲ್ಲಿ ಡ್ರೈವರ್‌ಗಳು, ಸ್ಟೋರ್‌ಕೀಪರ್ ಎಲ್ಲರೂ ಕಿವಿ ನಿಮಿರಿಸಿ ನಿಂತಿರುತ್ತಾರೆ. ಗುಡ್ಡದಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಹಾಲಿನ ಟ್ಯಾಂಕರ್ ಪೇಟೆಗೆ ಇಳಿಯುವಾಗ ಅಂಚೆ ಒಯ್ಯುತ್ತದೆ, ಅಷ್ಟೇ ನನ್ನ ಪಾಲಿನ ಜಗತ್ತು.

ಈಗ ಮುಖ್ಯ ಸುದ್ದಿ. ಮೊನ್ನೆ ಸಂಜೆ ಕರುಗಳ ಕೊಟ್ಟಿಗೆಯ ಹಿಂದೆ ಕತ್ತೆಕಿರುಬ ನೋಡಿದೆ! ಸತ್ತ ಕರುಗಳನ್ನು ಇವರು ಹೂಳುವುದಿಲ್ಲ, ಬೇಲಿಯಾಚೆ ಹಳ್ಳಕ್ಕೆ ಎಸೆಯುತ್ತಾರೆ. ಅಲ್ಲಿಗೆ ಬಂದಿತ್ತು. ಮುಂದೆ ಎತ್ತರ, ಹಿಂದೆ ತಗ್ಗು, ಮೈಮೇಲೆ ಮಸಿ ಗೆರೆ. ನನ್ನನ್ನು ಕಂಡು ಓಡಲಿಲ್ಲ. ಬೆನ್ನ ಮೇಲಿನ ಕೂದಲನ್ನೆಲ್ಲ ನಿಮಿರಿಸಿ, ತಾನು ಬಹಳ ದೊಡ್ಡದು ಎಂದು ತೋರಿಸಿಕೊಂಡು, ಆಮೇಲೆ ನಾಚಿದಂತೆ ಹಿಂದೆ ಸರಿದು ಹೋಯಿತು. ಕೊಪ್ಪಳದ ಪಶು ಆಸ್ಪತ್ರೆಯಲ್ಲಿದ್ದಾಗ ಲಾರಿಗೆ ಸಿಕ್ಕ ಒಂದಕ್ಕೆ ನಾನು ಹೊಲಿಗೆ ಹಾಕುತ್ತಿದ್ದರೆ ಜನ ಕಿಟಕಿಯಿಂದ ಕಲ್ಲು ಎಸೆದಿದ್ದರು, ಗೊತ್ತಲ್ಲ. ಅದು ನನ್ನ ಮೇಜಿನ ಮೇಲೇ ಸತ್ತಿತು. ಅಂದಿನಿಂದ ಈ ಪ್ರಾಣಿಯೊಂದಿಗೆ ನನಗೇನೋ ಲೆಕ್ಕ ಬಾಕಿಯಿದೆ ಅನ್ನಿಸುತ್ತದೆ.

ಹಾಲು ಕರೆಯುವ ವಿಭಾಗದ ಸೂಪರ್‌ವೈಸರ್ ಪೂವಪ್ಪ, ಪುತ್ತೂರಿನ ಕಡೆಯವರು, ವಿಷಯ ಕೇಳಿ ಎದೆ ಮುಟ್ಟಿಕೊಂಡರು. "ಎಂತ ಮೇಡಂ, ಅದು ಹೆಣ ತಿನ್ನುವ ಜಾತಿ ಅಲ್ವಾ? ಸ್ನಾನ ಮಾಡಿ ಬನ್ನಿ ಮೊದಲು." ಇಲ್ಲಿಯ ಮುದುಕಿಯರು ಇನ್ನೂ ಮುಂದೆ ಹೋಗಿದ್ದಾರೆ, ಮಾಟಗಾತಿಯರು ಅದರ ಬೆನ್ನೇರಿ ಸವಾರಿ ಮಾಡುತ್ತಾರಂತೆ. ಪಾಪ, ಅದಕ್ಕೆ ತನ್ನ ಮೈ ಹೊರುವುದೇ ಕಷ್ಟ.

ನಿನ್ನ
ಮಾಧುರಿ


ರುಸೈಲ್
10 ಅಕ್ಟೋಬರ್ 2003

ಮಾಧುರಿ,

ನಿನ್ನ ಕಾಗದ ಓದಿ ನಕ್ಕೆ. ಮದುವೆಯಾದ ಗಂಡ ಸಾವಿರ ಕಿಲೋಮೀಟರ್ ಈಚೆ, ನೀನು ಅಲ್ಲಿ ಕಿರುಬದ ಜೊತೆ. ನಮ್ಮ ಅಜ್ಜಿ ಇದ್ದಿದ್ದರೆ "ಅಯ್ಯ ಶಿವನ, ಕುಣಿ ಕೆದರೂ ಪ್ರಾಣಿನ್ನ ನೋಡಿ ಹಿಗ್ಗತಾಳಲ್ಲೋ ನಿನ್ ಹೇಣ್ತಿ" ಅನ್ನುತ್ತಿದ್ದಳು.

ತಮಾಷೆ ಇರಲಿ. ಒಂದು ಒಳ್ಳೆಯ ಸುದ್ದಿ. ನಮ್ಮ ಫ್ಯಾಕ್ಟರಿಯ ಸ್ಟ್ಯಾನ್ಲಿ ಅವರ ಹೆಂಡತಿ ಮದೀನತ್ ಸುಲ್ತಾನ್ ಖಾಬೂಸ್‌ನ ಒಂದು ಶಾಲೆಯಲ್ಲಿ ಟೀಚರ್. ಅಲ್ಲಿ ಜನವರಿಗೆ ಜೀವಶಾಸ್ತ್ರಕ್ಕೆ ಒಬ್ಬರು ಬೇಕಂತೆ. ನಿನ್ನ ಡಿಗ್ರಿ ನೋಡಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ. ಮದುವೆಯಾದ ಮೇಲೆ ನಾವು ಒಂದೇ ಮನೆಯಲ್ಲಿ ಬಾಳಿದ್ದು ಎಷ್ಟು, ನೀನೇ ಹೇಳು. ಯೋಚಿಸಿ ಬರೆ. ಕಿರುಬಕ್ಕೂ ನನ್ನ ನಮಸ್ಕಾರ.

ಸಚ್ಚಿದಾನಂದ


ಸಲಾಲಾ
7 ನವೆಂಬರ್ 2003

ಪ್ರೀತಿಯ ಸಚ್ಚಿ,

ಗವಿ ಸಿಕ್ಕಿತು!

ಫಾರ್ಮಿನ ಮೇಲಿನ ಇಳಿಜಾರಿನಲ್ಲಿ ಮುಸಲ್ಲಮ್ ಎಂಬ ಗುಡ್ಡಗಾಡಿನ ಹಿರಿಯನ ಮನೆಯಿದೆ. ಒಂಟೆ, ದನ, ಆಡು ಸಾಕಿದ್ದಾನೆ. ಹೆರಿಗೆ ಕಷ್ಟವಾಗಿದ್ದ ಅವನ ಹಸುವನ್ನು ನಾನು ಉಳಿಸಿದ್ದೆ, ಅಲ್ಲಿಂದ ಪರಿಚಯ. ಅವನ ಮೊಮ್ಮಗಳು ನೂರ್ ನನ್ನ ಬ್ಯಾಗನ್ನು ಬಿಚ್ಚಿ ಒಂದೊಂದೇ ಸಾಮಾನು ಹೆಸರು ಕೇಳುತ್ತಾಳೆ. ನಿನ್ನೆ ಸಂಜೆ ರಂಜಾನಿನ ಉಪವಾಸ ಬಿಡುವ ಮೊದಲು ಮುದುಕ ನನ್ನನ್ನು ಕರೆದುಕೊಂಡು ಹೋಗಿ ದೂರದಿಂದ ಬೆರಳು ತೋರಿಸಿದ. "ಡಾಕ್ಟರ್, ಬಚ್ಚಾ ಹೈ. ಕಿಸೀ ಕೋ ಮತ್ ಬೋಲೋ," ಅಂದ. ಅವನಿಗೂ ಅದರ ಭಯ ಇದೆ, ಆದರೆ ಮರಿ ಹಾಕಿದ ತಾಯಿಗೆ ತೊಂದರೆ ಕೊಡಬಾರದು ಎನ್ನುತ್ತಾನೆ.

ಎರಡು ಮರಿ, ಸಚ್ಚಿ. ಒಂದು ಮುಖ ಹೊರಗೆ ಹಾಕಿ ಸೀನಿತು. ತಾಯಿ ಅದನ್ನು ಮೂತಿಯಿಂದ ಒಳಗೆ ದೂಡಿದ ರೀತಿ ನೋಡಬೇಕಿತ್ತು. ಇದಕ್ಕೆ ರಾಕ್ಷಸ ಎನ್ನುತ್ತಾರಲ್ಲ!

ನಿನಗೊಬ್ಬನಿಗೇ ಹೇಳುತ್ತಿದ್ದೇನೆ. ಮುಸಲ್ಲಮ್‌ನ ಮನೆ ದಾಟಿ ಒಣಹಳ್ಳ ಹಿಡಿದು ಮೇಲೆ ಹೋದರೆ ದೊಡ್ಡ ಅತ್ತಿಮರ. ಅದರ ನೆತ್ತಿಯ ಮೇಲೆ ಬಿಳಿ ಬಂಡೆ, ಬಂಡೆಯ ಎಡಕ್ಕೆ ಸೀಳು. ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು. ನೀನು ಬಂದಾಗ ದೂರದಿಂದ ತೋರಿಸುತ್ತೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತಿತ್ತು.

ಮಾಧುರಿ


ರುಸೈಲ್
21 ನವೆಂಬರ್ 2003

ಮಾಧುರಿ,

ಕಾಗದ ಬಂತು. ನಾಲ್ಕು ಪುಟ ಕಿರುಬ, ಅದರ ಮರಿ, ಅದರ ಸೀನು. ಶಾಲೆಯ ವಿಷಯಕ್ಕೆ ಒಂದು ಸಾಲೂ ಇಲ್ಲ. ಮರೆತೆಯೋ, ಮರೆತಂತೆ ಮಾಡಿದೆಯೋ?

ಇಲ್ಲಿ ನಾನು ಡ್ಯೂಟಿ ಮುಗಿಸಿ ಬಂದು ಅನ್ನಕ್ಕಿಟ್ಟು ಟೀವಿ ಹಚ್ಚಿ ಕೂರುತ್ತೇನೆ. ಪಕ್ಕದ ರೂಮಿನವರು ಹೆಂಡತಿ ಮಕ್ಕಳ ಜೊತೆ ಬೀಚಿಗೆ ಹೊರಡುವಾಗ "ಸರ್, ಬರ್ತೀರಾ" ಎಂದು ಕೇಳುತ್ತಾರೆ, ನಾನು ತಲೆನೋವು ಅನ್ನುತ್ತೇನೆ. ನನಗೇನೂ ದೂರಿಲ್ಲ. ಆದರೆ ಒಬ್ಬಳೇ ಗುಡ್ಡ ಹತ್ತುವುದು, ಮರಿ ಹಾಕಿದ ಕಾಡುಪ್ರಾಣಿಯ ಹತ್ತಿರ ಹೋಗುವುದು ಸರಿಯಲ್ಲ. ಪುಸ್ತಕದಲ್ಲಿ ಓದಿದ್ದನ್ನು ಪ್ರಾಣಿ ಓದಿರುವುದಿಲ್ಲ.

ಶಾಲೆಯವರು ಉತ್ತರಕ್ಕೆ ಕಾಯುತ್ತಿದ್ದಾರೆ.

ಸಚ್ಚಿ


ಸಲಾಲಾ
5 ಡಿಸೆಂಬರ್ 2003

ಸಚ್ಚಿ,

ಶಾಲೆಯ ವಿಷಯ ಬರೆಯಬೇಕೆಂದೇ ಕೂತಿದ್ದೆ. ಆದರೆ ಇಲ್ಲಿ ಕೆಟ್ಟದ್ದು ನಡೆದಿದೆ.

ಸೋಮವಾರ ನೂರ್ ಆಡು ಹೊಡೆದುಕೊಂಡು ಬರುವಾಗ ಅವಳ ತೋಳನ್ನು ಪ್ರಾಣಿಯೊಂದು ಹರಿದಿದೆ. ನಾನೇ ಮೊದಲು ಗಾಯ ತೊಳೆದು, ಫಾರ್ಮಿನ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆ. ಇಂಜೆಕ್ಷನ್‌ಗಳು ಶುರುವಾಗಿವೆ, ಕೂಸು ಉಳಿಯುತ್ತದೆ. ದಾರಿಯುದ್ದಕ್ಕೂ ನನ್ನ ದುಪಟ್ಟಾ ಹಿಡಿದುಕೊಂಡಿದ್ದಳು, ಅಳಲಿಲ್ಲ.

ಅದು ಕಿರುಬ ಅಲ್ಲ. ಕಿರುಬದ ದವಡೆ ಎಲುಬನ್ನೇ ಪುಡಿ ಮಾಡುತ್ತದೆ, ಇದು ಕಚ್ಚಿ ಎಳೆದಾಡಿದ ಗಾಯ, ಸಣ್ಣ ಹಲ್ಲು, ಬೇರೆ ಬೇರೆ ಕಡೆ. ನಾಯಿಗಳು. ಮೇವಿನ ಲಾರಿಗಳ ಹಿಂದೆ ಬಂದು ಸೇರಿಕೊಂಡ ನಾಯಿಗಳು ಆ ಹಳ್ಳದ ಸತ್ತ ಕರು ತಿಂದು ಈಗ ದೊಡ್ಡ ಹಿಂಡಾಗಿವೆ. ಕರು ಹೂಳಿ ಎಂದು ಬಂದ ದಿನದಿಂದ ಹೇಳುತ್ತಿದ್ದೇನೆ.

ರೊನಾಲ್ಡ್ ಕೇಳಲಿಲ್ಲ. "ಡಾಕ್ಟ್ರೇ, ನಾಯಿ ಅಂದ್ರೆ ನಮ್ಮ ಫಾರ್ಮಿನ ಹೆಸರು ಬರ್ತದೆ. ಕಿರುಬ ಅಂದ್ರೆ ಕಾಡಿನದ್ದು, ಯಾರದ್ದೂ ಅಲ್ಲ. ಕಫೀಲ್‌ಗೆ, ನಮ್ಮ ಧಣಿಗೆ, ನಾನು ಎಂತ ಹೇಳ್ಬೇಕು? ಆ ಗವಿ ಎಲ್ಲುಂಟು ಅಂತ ನಿಮಗೆ ಗೊತ್ತುಂಟಂತೆ?"

ಗೊತ್ತಿಲ್ಲ ಎಂದೆ. ಜೀವನದಲ್ಲಿ ಇಷ್ಟು ಚೊಕ್ಕವಾಗಿ ನಾನು ಸುಳ್ಳು ಹೇಳಿದ್ದೇ ಇಲ್ಲ. ಈಗ ದಿನಾ ಸಂಜೆ ಅತ್ತ ಹೋಗಿ ಯಾರೂ ಬಂದಿಲ್ಲವೆಂದು ನೋಡಿಕೊಂಡು ಬರುತ್ತೇನೆ. ನೀನು ಹೆದರಬೇಡ.

ಮಾಧುರಿ


ರುಸೈಲ್
12 ಡಿಸೆಂಬರ್ 2003

ಮಾಧುರಿ,

ಹೆದರಬೇಡ ಎಂದು ಬರೆದಿದ್ದೀಯ. ಅದೇ ಕಾಗದದಲ್ಲಿ ಮಗುವಿನ ತೋಳು ಹರಿದದ್ದೂ ಇದೆ.

ನೀನು ನಾಯಿ ಎನ್ನುತ್ತೀಯ. ನಿನ್ನ ಮಾತು ತಪ್ಪಾಗಿದ್ದರೆ? ಫಾರ್ಮಿಗೆ ಫೋನ್ ಮಾಡಿದೆ. "ಮೇಡಂ ಗುಡ್ಡಕ್ಕೆ ಹೋಗಿದ್ದಾರೆ" ಎಂದರು. ಸಂಜೆ ಮತ್ತೆ ಮಾಡಿದೆ, ಇನ್ನೂ ಬಂದಿಲ್ಲ ಎಂದರು. ಇಡೀ ಸಂಜೆ ನಾನು ಹೇಗಿದ್ದೆ ಎಂಬುದು ನಿನಗೆ ತಿಳಿಯುವುದಿಲ್ಲ.

ಕೆಲಸ ಬಿಟ್ಟು ಬಾ. ಬೇಡಿಕೊಳ್ಳುತ್ತೇನೆ.

ಸಚ್ಚಿ


ಸಲಾಲಾ
27 ಡಿಸೆಂಬರ್ 2003

ಸಚ್ಚಿ,

ಕೊಂದರು.

ಬುಧವಾರ ಊಟದ ಹೊತ್ತಿಗೆ ಕರುಗಳ ಕೊಟ್ಟಿಗೆಯಿಂದ ಹೊರಬಂದೆ. ಅತ್ತಿಮರದ ನೇರಕ್ಕೆ ಕಪ್ಪು ಹೊಗೆ. ಓಡಿದೆ. ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೀಳಿಗೆ ಮುಳ್ಳುಕಂಟಿ ತುರುಕಿ, ಡೀಸೆಲ್ ಸುರಿದು ಬೆಂಕಿ ಹಚ್ಚಿದ್ದಾರೆ. ತಾಯಿ ಬೆಂಕಿಯಲ್ಲೇ ಹೊರಗೆ ನುಗ್ಗಿದೆ, ಬಾಯಲ್ಲಿ ಒಂದು ಮರಿ ಕಚ್ಚಿಕೊಂಡು. ಕಬ್ಬಿಣದ ಸಲಾಕೆಗಳಿಂದ ಹೊಡೆದಿದ್ದಾರೆ. ಅದು ಯಾರನ್ನೂ ಕಚ್ಚಲಿಲ್ಲ. ಕಚ್ಚಬೇಕಾದರೆ ಮರಿಯನ್ನು ಕೆಳಗಿಡಬೇಕಿತ್ತು, ಇಡಲಿಲ್ಲ. ಇದನ್ನು ಹೇಳಿದವರು ಪೂವಪ್ಪ. ಅವರನ್ನೂ ಕರೆದುಕೊಂಡು ಹೋಗಿದ್ದರು, ಡೀಸೆಲ್ ಕ್ಯಾನ್ ಹೊರಲು. ಹೇಳಿ ಮುಗಿಸಿ ಪಂಪ್‌ಹೌಸಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ಇನ್ನೊಂದು ಮರಿ ಒಳಗೇ ಉಳಿಯಿತು.

ರೊನಾಲ್ಡ್ ನನ್ನ ಹೆಗಲ ಮೇಲೆ ಕೈಯಿಟ್ಟು "ಖಲಾಸ್ ಡಾಕ್ಟ್ರೇ, ಇನ್ನು ಯಾರಿಗೂ ಭಯ ಇಲ್ಲ," ಎಂದರು. ಅವತ್ತು ಮೆಸ್ಸಿನಲ್ಲಿ ಎಲ್ಲರಿಗೂ ಬಿರಿಯಾನಿ.

ಗವಿಯ ದಾರಿ ಅವರಿಗೆ ಗೊತ್ತಾದದ್ದು ಹೇಗೆ? ಮುಸಲ್ಲಮ್ ಒಬ್ಬನೇ. ಮೊಮ್ಮಗಳ ಗಾಯ ನೋಡಿ ಮನಸ್ಸು ಬದಲಾಯಿಸಿದ್ದಾನೆ. ನಾನು ನೇರ ಅವನ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದು ಅಂದೆ, ಅರ್ಧ ಹಿಂದಿ, ಅರ್ಧ ನಮ್ಮ ಗದಗಿನ ಭಾಷೆ. ನೂರ್ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಮುದುಕ ಒಂದೇ ಮಾತು ಹೇಳಿದ: "ಮೈಂ ನಹೀಂ ಬೋಲಾ." ನಾನು ಅವನ ಮುಖಕ್ಕೇ ಸುಳ್ಳ ಎಂದು ಬಂದೆ.

ನೀನಾದರೂ ಇದ್ದೀಯಲ್ಲ ಅನ್ನುವುದೊಂದೇ ಸಮಾಧಾನ.

ಮಾಧುರಿ


ರುಸೈಲ್
3 ಜನವರಿ 2004

ನನ್ನ ಮಾಧುರಿ,

ಏನು ಬರೆಯಲಿ ತಿಳಿಯುತ್ತಿಲ್ಲ. ನಿನ್ನ ಕಾಗದವನ್ನು ಎರಡು ಸಲ ಓದಿದೆ, ಮೂರನೆಯ ಸಲ ಓದಲಾಗಲಿಲ್ಲ.

ಯಾರು ಹೇಳಿದರು, ಹೇಗೆ ಗೊತ್ತಾಯಿತು ಎಂದು ಕೆದಕುತ್ತ ಕೂರಬೇಡ. ಹೇಳಿದವರ ಮನಸ್ಸಿನಲ್ಲಿ ಕೊಲ್ಲಿಸುವ ಉದ್ದೇಶ ಇರಲಿಕ್ಕಿಲ್ಲ. ಯಾರದೋ ಜೀವಕ್ಕೆ ಅಂಜಿ ಹೇಳಿರಬಹುದು. ಆ ಮುದುಕನನ್ನು ಬಿಟ್ಟುಬಿಡು.

ಇನ್ನು ಅಲ್ಲಿ ನಿನಗೇನಿದೆ? ಶಾಲೆಯವರು ತಿಂಗಳ ಕೊನೆಯವರೆಗೆ ಕಾಯುತ್ತಾರೆ. ನಾನೇ ಬಂದು ಕರೆದುಕೊಂಡು ಬರುತ್ತೇನೆ. ಸರಿಯಾಗಿ ಊಟ ಮಾಡು.

ನಿನ್ನ ಸಚ್ಚಿ


ರುಸೈಲ್
6 ಫೆಬ್ರವರಿ 2004

ಮಾಧುರಿ,

ಒಂದು ತಿಂಗಳಾಯಿತು, ನಿನ್ನಿಂದ ಅಕ್ಷರವಿಲ್ಲ. ಫೋನ್ ಮಾಡಿದರೆ "ರೂಮಿನಲ್ಲಿದ್ದಾರೆ, ಬರುವುದಿಲ್ಲ ಅಂದರು" ಎನ್ನುತ್ತಾರೆ. ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಹೋಗಲಿ, ಅದು ದೊಡ್ಡದಲ್ಲ.

ಒಂದು ಸಾಲು ಬರೆ. ಬೈದಾದರೂ ಬರೆ.

ಸಚ್ಚಿ


ಸಲಾಲಾ
5 ಮಾರ್ಚ್ 2004

ಸಚ್ಚಿದಾನಂದ,

ಪೂವಪ್ಪ ನಿನ್ನೆ ತೀರಿಕೊಂಡರು. ಹುಚ್ಚುನಾಯಿ ರೋಗ.

ಜನವರಿಯ ಮೊದಲ ವಾರ ಹಾಲು ಕರೆಯುವ ಶೆಡ್ಡಿನ ಹಿಂದೆ ಹಿಂಡಿನ ನಾಯಿಯೊಂದು ಅವರ ಹಿಮ್ಮಡಿ ಕಚ್ಚಿದೆ. ಜೊತೆಯವರು ಡಾಕ್ಟರಿಗೆ ತೋರಿಸಿ ಎಂದಿದ್ದಾರೆ. ಅವರು ನಕ್ಕು, "ಎಂತದು ಇಲ್ಲ ಮಾರಾಯ, ನಾಯಿ ಅಲ್ವಾ. ಕಿರುಬವನ್ನಂತೂ ಮುಗಿಸಿ ಆಯ್ತು," ಎಂದು ಅರಿಸಿನ ಹಚ್ಚಿಕೊಂಡಿದ್ದಾರೆ. ಆ ನಾಯಿ ಕೆಲವು ದಿನದಲ್ಲಿ ಬೇಲಿಯ ಹತ್ತಿರ ಸತ್ತುಬಿದ್ದಿತ್ತಂತೆ. ಅದನ್ನೂ ಹಳ್ಳಕ್ಕೇ ಎಸೆದಿದ್ದಾರೆ. ಈ ರೋಗ ಉತ್ತರದ ನರಿಗಳಲ್ಲಿದೆ, ಇಲ್ಲಿಗೆ ಬಂದಿಲ್ಲ ಎಂದೇ ಎಲ್ಲರ ನಂಬಿಕೆ. ಸತ್ತ ನಾಯಿಯನ್ನು ನೋಡಿದ್ದರೆ ನನಗೆ ಅನುಮಾನ ಬರುತ್ತಿತ್ತು. ಆದರೆ ಆ ದಿನಗಳಲ್ಲಿ ನಾನು ಕೊಟ್ಟಿಗೆಗೆ ಹೋಗಿ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇವರ ಮುಖ ನೋಡಲು ಮನಸ್ಸಿರಲಿಲ್ಲ. ಪೂವಪ್ಪ ಒಂದು ಸಲ ಬಂದು ಬಾಗಿಲು ತಟ್ಟಿ "ಮೇಡಂ, ಚಾ ತಂದಿದ್ದೇನೆ" ಎಂದರು. ನಾನು ತೆಗೆಯಲಿಲ್ಲ. ಕಾಲು ತೋರಿಸಲು ಬಂದಿದ್ದರೋ, ಬರೀ ಚಹಾ ಕೊಡಲು ಬಂದಿದ್ದರೋ, ಇನ್ನು ಕೇಳುವ ಹಾಗಿಲ್ಲ.

ಕಳೆದ ಶನಿವಾರ ಅವರು ಲೋಟದ ನೀರು ನೋಡಿ ಗೋಡೆಗೆ ಸರಿದರು. ನನಗೆ ಆ ಕ್ಷಣವೇ ತಿಳಿಯಿತು. ಆಸ್ಪತ್ರೆಯಲ್ಲಿ ನಾಲಿಗೆ ಒಣಗಿ "ನೀರು, ನೀರು" ಅನ್ನುವರು, ತಂದರೆ ಗಂಟಲು ಹಿಡಿದುಕೊಂಡು ಕೂಗುವರು. ಡಾಕ್ಟರ್‌ಗಳು ಮಲಗಿಸುವ ಮದ್ದು ಕೊಟ್ಟರು, ಅದರಾಚೆಗೆ ಯಾರ ಕೈಯಲ್ಲೂ ಏನೂ ಇರಲಿಲ್ಲ.

ಅಲ್ಲಿಯ ಕಾರಿಡಾರಿನಲ್ಲಿ ರೊನಾಲ್ಡ್ ಅಳುತ್ತ ಕೂತಿದ್ದರು. ಅವರೇ ಹೇಳಿದರು: "ನಾನು ಒಳ್ಳೆಯದಕ್ಕೇ ಮಾಡಿದ್ದು ಡಾಕ್ಟ್ರೇ. ನಿಮ್ಮ ಮಿಸ್ಟರ್ ಫೋನ್ ಮಾಡಿ ಅತ್ತಿಮರ, ಬಿಳಿ ಬಂಡೆ ಅಂತ ಅಷ್ಟು ಕರೆಕ್ಟಾಗಿ ಹೇಳದಿದ್ರೆ ನಮಗೆ ಸಿಗ್ತಾನೇ ಇರ್ಲಿಲ್ಲ. ಕಿರುಬ ಹೋಯ್ತು, ಇನ್ನು ಸೇಫ್ ಅಂತ ನಾವೆಲ್ಲ ನಂಬಿಬಿಟ್ಟೆವು."

ಇದಕ್ಕೆ ನೀನು ಏನು ಹೇಳುತ್ತೀಯ, ಬರೆ.

ಮಾಧುರಿ


ರುಸೈಲ್
12 ಮಾರ್ಚ್ 2004

ಮಾಧುರಿ,

ಹೌದು, ಫೋನ್ ಮಾಡಿದ್ದು ನಿಜ. ಆದರೆ ಕೊಲ್ಲಿ ಎಂದು ನಾನು ಹೇಳಲಿಲ್ಲ. "ನನ್ನ ಹೆಂಡತಿ ದಿನಾ ಅಲ್ಲಿಗೆ ಹೋಗುತ್ತಾಳೆ, ಇಂಥ ಜಾಗ, ದಯವಿಟ್ಟು ಯಾರನ್ನಾದರೂ ಕಳಿಸಿ ತಡೆಯಿರಿ" ಎಂದೆ. ಅಷ್ಟೇ ನನ್ನ ಮಾತು. ಅವರು ಅದರಿಂದ ಏನು ಮಾಡಿದರೋ ಅದಕ್ಕೆ ನಾನು ಹೊಣೆಯೇ? ಹೆಂಡತಿ ಹೊತ್ತು ಮುಳುಗಿದರೂ ಗುಡ್ಡದಿಂದ ಇಳಿದಿಲ್ಲವೆಂದು ಕೇಳಿದ ಗಂಡ ಏನು ಮಾಡಬೇಕಿತ್ತು? ನಿನ್ನ ಜಾಗದಲ್ಲಿ ನಾನಿದ್ದು, ನನ್ನ ಜಾಗದಲ್ಲಿ ನೀನಿದ್ದರೆ?

ಪೂವಪ್ಪ ಅವರ ಸಾವಿಗೆ ನನಗೂ ದುಃಖವಿದೆ. ಆದರೆ ಅದನ್ನು ತಂದು ನನ್ನ ತಲೆಗೆ ಕಟ್ಟಬೇಡ. ಶಾಲೆಗೆ ನೀನು ಜನವರಿಯಲ್ಲಿ ಬರುತ್ತೀಯ ಎಂದು ಅಕ್ಟೋಬರಿನಲ್ಲೇ ಮಾತು ಕೊಟ್ಟುಬಿಟ್ಟಿದ್ದೆ. ನೀನು ಬಂದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ನಾನು ಅಲ್ಲಿಗೆ ಬರಲೇ?

ಸಚ್ಚಿ


ಸಲಾಲಾ
2 ಏಪ್ರಿಲ್ 2004

ಸಚ್ಚಿ,

ನಿನ್ನ ಕಾಗದವನ್ನು ಸಿಟ್ಟಿನಲ್ಲಿ ಓದಿದೆ, ಆಮೇಲೆ ಸಿಟ್ಟಿಲ್ಲದೆ ಓದಿದೆ. ನೀನು ಹೆದರಿದ್ದೆ ಎಂಬುದನ್ನು ನಂಬುತ್ತೇನೆ. ಆದರೆ ಅಕ್ಟೋಬರಿನಲ್ಲೇ ಮಾತು ಕೊಟ್ಟಿದ್ದೆ ಎಂದು ಬರೆದೆಯಲ್ಲ, ಆಗ ಯಾರ ತೋಳೂ ಹರಿದಿರಲಿಲ್ಲ. ಗವಿ ಬರಿದಾದರೆ ನಾನು ಬರುತ್ತೇನೆ ಎಂಬ ಆಸೆ ನಿನ್ನ ಹೆದರಿಕೆಯ ಪಕ್ಕದಲ್ಲೇ ಕೂತಿತ್ತು. ಇಲ್ಲ ಎನ್ನಬೇಡ. ಜನವರಿಯಲ್ಲಿ "ಇನ್ನು ಅಲ್ಲಿ ನಿನಗೇನಿದೆ" ಎಂದು ಕೇಳಿದವನು ನೀನೇ.

ಮುಸಲ್ಲಮ್ ಮನೆಗೆ ಹೋಗಿದ್ದೆ. ತಪ್ಪಾಯಿತು ಎಂದೆ. ದಾರಿ ಹೇಳಿದ್ದು ನಿನ್ನ ಗಂಡನೇ ಅನ್ನುವಂತೆ ಅವನು "ತುಮ್ಹಾರಾ ಆದ್ಮೀ?" ಎಂದು ಕೇಳಿದ. ಹೌದೆಂದೆ. ಒಂಟೆ ಹಾಲು ತಂದು ಮುಂದಿಟ್ಟ. ನೂರ್ ಹತ್ತಿರ ಬರಲಿಲ್ಲ. ಅಜ್ಜನನ್ನು ಬೈದವಳ ಹತ್ತಿರ ಯಾಕೆ ಬರಬೇಕು?

ನಾಯಿಗಳ ಕೆಲಸ ನನ್ನ ಪಾಲಿಗೆ ಬಂತು. ಸರ್ಕಾರದ ಪಶುವೈದ್ಯರು ಬಂದು ನೋಡಿ, ಹಿಂಡಿನಲ್ಲಿ ರೋಗ ಹರಡಿದೆ, ಉಳಿಸುವಂತಿಲ್ಲ ಎಂದರು. ಫಾರ್ಮಿನವರ ಕೈಗೆ ಕೊಟ್ಟರೆ ಮತ್ತೆ ಸಲಾಕೆ, ಮತ್ತೆ ಡೀಸೆಲ್. ಅದಕ್ಕೇ ನಾನು ಮಾಡುತ್ತೇನೆ ಎಂದೆ. ಬಲೆಯಲ್ಲಿ ಹಿಡಿದು ಒಂದೊಂದಕ್ಕೆ ಸೂಜಿ ಚುಚ್ಚಿದೆ. ಅವಕ್ಕೆ ನನ್ನ ಪರಿಚಯ ಇತ್ತು. ಒಂದು ಹೆಣ್ಣುನಾಯಿ ಕೈ ನೆಕ್ಕಿತು, ಕೈಗವಸು ಹಾಕಿಕೊಂಡಿದ್ದ ಕೈ. ನಾವು ಎಸೆದದ್ದನ್ನು ತಿಂದವು, ನಾವು ಇರುವಲ್ಲಿ ಇದ್ದವು, ಬೇರೆ ಏನು ಮಾಡಿದ್ದವು? ಸಾಯುವವರೆಗೂ ಪ್ರತಿಯೊಂದರ ತಲೆ ಹಿಡಿದುಕೊಂಡಿದ್ದೆ. ಅಷ್ಟಾದ ಮೇಲೆ ರೊನಾಲ್ಡ್ ಜೆಸಿಬಿ ತರಿಸಿ ಹಳ್ಳವನ್ನು ಮುಚ್ಚಿಸಿದರು.

ನಾನು ಮಸ್ಕತ್ತಿಗೆ ಬರುವುದಿಲ್ಲ. ಕರಾರು ಮುಂದುವರಿಸಿದ್ದೇನೆ. ಇಲ್ಲಿಯ ನಾಯಿ, ದನ, ಒಂಟೆಗಳಿಗೆ ಲಸಿಕೆ ಹಾಕಿಸಬೇಕು, ಅದಕ್ಕೇ ವರ್ಷ ಹಿಡಿಯುತ್ತದೆ. ನೀನು ಬರಬೇಕೆಂದಿದ್ದರೆ ಬಾ, ತಡೆಯುವುದಿಲ್ಲ. ಬಂದರೆ ಮೊದಲು ಮುಸಲ್ಲಮ್‌ನ ಮನೆಗೆ ಹೋಗಬೇಕು. ನಾನು ಜೊತೆಗೆ ಬರುವುದಿಲ್ಲ. ಆಮೇಲೆ ನಮ್ಮಿಬ್ಬರದು ಏನಾಗುತ್ತದೆ ಎಂದು ನನಗೆ ಈಗ ಗೊತ್ತಿಲ್ಲ.

ಪೂವಪ್ಪ ಅವರ ಹೆಂಡತಿ ಲೋಲಾಕ್ಷಿಗೆ ಇವತ್ತು ಫೋನ್ ಮಾಡಿದ್ದೆ, ರೊನಾಲ್ಡ್ ಮೇಜಿನಿಂದಲೇ, ಎಲ್ಲರೂ ಕೇಳುತ್ತಿದ್ದಂತೆ. ಆಕೆ ಅಳಲಿಲ್ಲ. ಕೇಳಬೇಕಾದ್ದನ್ನು ಮೊದಲೇ ಜೋಡಿಸಿಟ್ಟುಕೊಂಡಂತೆ ಕೇಳಿದಳು.

"ಮೇಡಂ, ಇವರನ್ನು ಕಿರುಬ ಕಚ್ಚಿದ್ದು ಅಂತ ಊರಲ್ಲಿ ಎಲ್ಲ ಹೇಳ್ತಾರೆ. ಅಲ್ಲಿಂದ ಬಂದವರೇ ಹೇಳಿದ್ದಂತೆ. ಹೌದಾ?"

"ಅಲ್ಲ ಲೋಲಾಕ್ಷಿ, ನಾಯಿ. ಕಿರುಬ ಅದಕ್ಕೂ ಮೊದಲೇ ಸತ್ತಿತ್ತು."

"ನನ್ನ ಸಮಾಧಾನಕ್ಕೆ ಹೇಳ್ಬೇಡಿ ಮೇಡಂ. ನಾಯಿ ಕಚ್ಚಿ ಇಷ್ಟು ದೊಡ್ಡ ಆಳು ಹೋಗ್ತಾರಾ? ಮಕ್ಕಳಿಗೆ ನಾನು ಕಿರುಬ ಅಂತಲೇ ಹೇಳಿದ್ದೇನೆ. ಅವರು ಈಗ ನಾಯಿಮರಿ ಜೊತೆ ಆಡ್ತಾ ಇದ್ದಾರೆ, ಬೀದಿಯಿಂದ ತಂದದ್ದು. ಅದನ್ನು ನೋಡಿಯೇ ಸ್ವಲ್ಪ ನಗ್ತಾರೆ."

ಆ ಮರಿಗೆ ಲಸಿಕೆ ಹಾಕಿಸಿ ಎಂದೆ. ಎಲ್ಲಿ, ಯಾವಾಗ, ಯಾರ ಹತ್ತಿರ, ಎಲ್ಲ ಬಿಡಿಸಿ ಹೇಳಿದೆ. "ಆಯ್ತು ಮೇಡಂ" ಎಂದಳು. ಹಾಕಿಸುವುದಿಲ್ಲ ಎಂಬುದು ಆ ದನಿಯಲ್ಲೇ ಗೊತ್ತಾಯಿತು.

ನಾಳೆ ಮತ್ತೆ ಫೋನ್ ಮಾಡುತ್ತೇನೆ.

ಮಾಧುರಿ